ಜ್ವರಕಾರಕಗಳ ಪರೀಕ್ಷೆ: ಮೊಲದಿಂದ ಪ್ರನಾಳದವರೆಗೆ

ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಲವಣಜಲವನ್ನಾಗಲಿ ಸಕ್ಕರೆಯ ದ್ರಾವಣವನ್ನಾಗಲಿ ಕಾಣದವರು ಇಂದು ವಿರಳ. ಹಳ್ಳಿಗಳಲ್ಲಿ ಇದನ್ನು ‘ಗ್ಲೂಕೋಸು ಏರಿಸುವುದು’ ಎನ್ನುತ್ತಾರೆ. ಈ ದ್ರವವು ಹೊಟ್ಟೆಯನ್ನು ಹಾಯದೆ ನೇರವಾಗಿ ರಕ್ತವನ್ನು ಸೇರುವುದರಿಂದ ಅದು ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾಗಿರಬೇಕಾಗುತ್ತದೆ. ಕುದಿಸಿದ ನೀರು ಶುದ್ಧವೆಂಬುದು ಸಾಮಾನ್ಯ ತಿಳಿವಳಿಕೆ. ಕುದಿತದಿಂದ ರೋಗಾಣುಗಳು ಸಾಯುತ್ತವೆಂಬುದು ನಿಜವೇ. ಆದರೆ ಸತ್ತ ರೋಗಾಣುವಿನ ದೇಹ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅದು ನೀರಿನಲ್ಲಿಯೇ ಉಳಿದಿರುತ್ತದೆ. ಕುಡಿಯುವವನಿಗೆ ಅದರಿಂದ ಬಾಧೆಯಿಲ್ಲ. ರಕ್ತಕ್ಕೆ ಏರಿಸಿಕೊಂಡವನಿಗೆ ಒಂದೆರಡು ಗಂಟೆಗಳಲ್ಲಿ ಮೈನಡುಕ, ಚಳಿ, ಜ್ವರ ಕಾಣಿಸಿಕೊಳ್ಳುತ್ತವೆ. ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು.

ಹೀಗೆ ಜ್ವರ ತರುವ ವಸ್ತುಗಳಿಗೆ ಜ್ವರಕಾರಕಗಳು ಅಥವಾ ಪೈರೋಜನ್‌ಗಳು ಎಂದು ಹೆಸರು. ಚುಚ್ಚುಮದ್ದಿನಲ್ಲಿ ಇವು ಇವೆಯೋ ಇಲ್ಲವೋ ಎಂಬುದನ್ನು ತಿಳಿಯಲು ಹಲವು ದಶಕಗಳ ಕಾಲ ಮೊಲಗಳನ್ನು ಬಳಸಲಾಯಿತು. ಅನಂತರ ಒಂದು ಸಮುದ್ರಜೀವಿಯ ರಕ್ತವನ್ನು ಬಳಸಲಾಯಿತು. ಈಗ ಆ ಎರಡರ ಹಂಗೂ ಇಲ್ಲದ ವಿಧಾನಗಳು ಬಂದಿವೆ. ಔಷಧಗಳ ನಿರಪಾಯತೆಯನ್ನು ಪರೀಕ್ಷಿಸುವಲ್ಲಿ ಪ್ರಾಣಿಗಳಿಗೆ ಬದಲಿಯನ್ನು ಕಂಡುಕೊಳ್ಳುವ ಕಾರ್ಯ ಹೇಗೆ ಸಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಲು ಇಷ್ಟು ಉತ್ತಮವಾದ ಉದಾಹರಣೆ ಮತ್ತೊಂದು ದೊರೆಯುವುದು ಕಷ್ಟ.

ಕ್ರಿಮಿರಹಿತ ನೀರಿನ ಜ್ವರ

ರೋಗಾಣುಗಳ ದೇಹದಲ್ಲಿಯೇ ಅಡಗಿರುವ, ಅವು ಸತ್ತು ಒಡೆದಾಗ ಹೊರಬೀಳುವ ವಿಷವೊಂದಿದೆಯೆಂದು ಜರ್ಮನಿಯ ರಿಚರ್ಡ್ ಫೈಫರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಲರಾ ರೋಗಾಣುಗಳ ಅಧ್ಯಯನದಿಂದ ತೋರಿಸಿಕೊಟ್ಟನು. ಇದಕ್ಕೆ ಎಂಡೋಟಾಕ್ಸಿನ್, ಅಂದರೆ ಒಳವಿಷ ಎಂಬ ಹೆಸರು ಬಂದಿತು. ಗ್ರಾಮ್ ಋಣ ಎಂಬ ಗುಂಪಿಗೆ ಸೇರಿದ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಇರುವ, ಕೊಬ್ಬು ಮತ್ತು ಶರ್ಕರಗಳು ಕೂಡಿದ ಅಣುವೇ ಇದು. ಇದರ ಗಡಸುತನ ಬೆರಗುಗೊಳಿಸುವಂಥದು. 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹಬೆಯಲ್ಲಿ 15 ನಿಮಿಷ ಇರಿಸಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಈ ಅಣು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಗಾಜಿನ ಸೀಸೆಗಳ ಮೇಲಿಂದ ಇದನ್ನು ನಾಶಮಾಡಲು 250 ಡಿಗ್ರಿಯ ಒಣಶಾಖದಲ್ಲಿ ಸುಮಾರು 30 ನಿಮಿಷ ಕಾಯಿಸುವುದು ವಾಡಿಕೆ. ಸೀಸೆಯನ್ನು ಹಾಗೆ ಕಾಯಿಸಬಹುದು. ಅದರೊಳಗಿನ ಔಷಧವನ್ನು ಕಾಯಿಸಲಾಗದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈದ್ಯರಿಗೆ ಇದೊಂದು ಒಗಟಾಗಿತ್ತು. ಬಟ್ಟಿ ಇಳಿಸಿದ, ಕ್ರಿಮಿರಹಿತವೆಂದು ಖಚಿತವಾದ ನೀರಿನಲ್ಲಿ ಕದಡಿದ ಔಷಧವನ್ನು ಚುಚ್ಚಿದರೂ ಕೆಲವು ರೋಗಿಗಳಿಗೆ ಜ್ವರ ಬರುತ್ತಿತ್ತು. ದೋಷ ಔಷಧದ್ದೆಂದು ಕೆಲವರು, ರೋಗಿಯ ದೇಹಪ್ರಕೃತಿಯದೆಂದು ಕೆಲವರು ತಿಳಿದರು. ಈ ಒಗಟನ್ನು ಬಿಡಿಸಿದವಳು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್. ಬಾಲ್ಯದಲ್ಲಿ ಪೋಲಿಯೋ ತಗುಲಿ ಕಾಲು ಊನವಾಗಿದ್ದ ಈ ಮಹಿಳೆ ಮುಂದೆ ಕ್ಷಯರೋಗದ ಚರ್ಮಪರೀಕ್ಷೆಗೆ ಬೇಕಾದ ಟ್ಯುಬರ್ಕ್ಯುಲಿನ್ ಪ್ರೋಟೀನನ್ನು ಶುದ್ಧೀಕರಿಸಿ ಪ್ರಸಿದ್ಧಳಾದಳು. 1923ರಲ್ಲಿ ಪ್ರಕಟವಾದ ಆಕೆಯ ಸಂಶೋಧನೆ ತೋರಿಸಿದ್ದಿಷ್ಟು: ದೋಷ ಇದ್ದುದು ನೀರಿನಲ್ಲಿ. ಬಟ್ಟಿ ಇಳಿಸುವಾಗ ಕುದಿಯುವ ನೀರಿನಿಂದ ಸಿಡಿಯುವ ಸೂಕ್ಷ್ಮ ತುಂತುರು ಹಬೆಯೊಡನೆ ಸಾಗಿ ಶುದ್ಧ ಪಾತ್ರೆಯನ್ನು ಸೇರುತ್ತಿತ್ತು. ಆ ತುಂತುರಿನೊಡನೆ ಬ್ಯಾಕ್ಟೀರಿಯಾಗಳ ಅಂಶವೂ ಸೇರುತ್ತಿತ್ತು. ತುಂತುರನ್ನು ತಡೆಯುವ ಬಲೆಯೊಂದನ್ನು ಉಪಕರಣಕ್ಕೆ ಜೋಡಿಸಿದೊಡನೆ ಜ್ವರ ಬರಿಸದ ನೀರು ದೊರೆಯಿತು. ಆಕೆ ಇದನ್ನೆಲ್ಲ ಅಳೆದದ್ದು ಮೊಲಗಳ ಮೈಶಾಖದಿಂದ.

ಮೊಲವೇ ಏಕೆ?

ಇಲ್ಲಿ ವಿದ್ಯಾರ್ಥಿಗಳು ಆತುರಪಡಬಾರದು. ಪ್ರಾಣಿಪರೀಕ್ಷೆಯನ್ನು ಆರಂಭಿಸಿದವರೆಲ್ಲರೂ ನಿರ್ದಯಿಗಳೆಂದು ಭಾವಿಸಿ ಮುಂದೆ ಹೋದರೆ ಪಾಠದ ತಿರುಳೇ ತಪ್ಪಿಹೋಗುತ್ತದೆ. ಜ್ವರಕಾರಕಗಳ ವಿಷಯದಲ್ಲಿ ಮೊಲವು ಮನುಷ್ಯನಿಗೆ ಆಶ್ಚರ್ಯಕರವಾಗಿ ಸಮೀಪವಾಗಿದೆ. ಎಂಡೋಟಾಕ್ಸಿನ್ನಿನ ಯಾವ ಕನಿಷ್ಠ ಪ್ರಮಾಣಕ್ಕೆ ಮನುಷ್ಯನಿಗೆ ಜ್ವರ ಬರುವುದೋ, ದೇಹತೂಕದ ಲೆಕ್ಕದಲ್ಲಿ ಸರಿಸುಮಾರು ಅಷ್ಟಕ್ಕೇ ಮೊಲಕ್ಕೂ ಬರುತ್ತದೆ ಎಂಬುದನ್ನು ಗ್ರೈಸ್‌ಮನ್ ಮತ್ತು ಹಾರ್ನಿಕ್ ಎಂಬ ವೈದ್ಯರು 1969ರಲ್ಲಿ ತೋರಿಸಿದರು. ಇಲಿಗಳ ವಿಷಯದಲ್ಲಿ ಹೀಗಿಲ್ಲ. ಆದ್ದರಿಂದ ಮೊಲದ ಆಯ್ಕೆ ಯೋಗ್ಯವಾದದ್ದೇ ಆಗಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಗಾಯಾಳುಗಳಿಗಾಗಿ ರಕ್ತನಾಳಕ್ಕೆ ಏರಿಸುವ ದ್ರವಗಳು ಭಾರಿ ಮೊತ್ತದಲ್ಲಿ ಬೇಕಾದಾಗ, 1942ರಲ್ಲಿ ಅಮೆರಿಕದ ಫಾರ್ಮಕೋಪಿಯ, ಎಂದರೆ ಔಷಧಗಳ ಗುಣಮಟ್ಟವನ್ನು ನಿಗದಿಮಾಡುವ ಅಧಿಕೃತ ಗ್ರಂಥ, ಮೊಲದ ಪರೀಕ್ಷೆಯನ್ನು ಸ್ವೀಕರಿಸಿತು. ಅನೇಕ ದೇಶಗಳು ಅದನ್ನು ಅನುಸರಿಸಿದವು.

ಪರೀಕ್ಷೆಯ ಕ್ರಮ ಹೀಗಿದೆ. ಮೂರು ಆರೋಗ್ಯವಂತ ಮೊಲಗಳನ್ನು ಕುತ್ತಿಗೆಗೆ ಸಡಿಲವಾಗಿ ಹೊಂದುವ ಕಟ್ಟಿನಲ್ಲಿ ಅಲುಗದಂತೆ ಕೂರಿಸುತ್ತಾರೆ. ಗುದದ್ವಾರದಲ್ಲಿ ಉಷ್ಣತಾಮಾಪಕವನ್ನು ಇರಿಸಿ ಮೈಶಾಖವನ್ನು ಗುರುತಿಸಿಕೊಂಡು, ಕಿವಿಯ ರಕ್ತನಾಳಕ್ಕೆ ದೇಹತೂಕದ ಕಿಲೋಗ್ರಾಮಿಗೆ 10 ಮಿಲಿಲೀಟರಿನಂತೆ ಪರೀಕ್ಷಾದ್ರವವನ್ನು ಚುಚ್ಚುತ್ತಾರೆ. ಎರಡು ಕಿಲೋ ತೂಗುವ ಮೊಲಕ್ಕೆ ಇದು 20 ಮಿಲಿಲೀಟರಾಯಿತು. ಅನಂತರ ಮೂರು ಗಂಟೆಗಳ ತನಕ ಶಾಖದ ಏರಿಕೆಯನ್ನು ನೋಡುತ್ತಾರೆ. ಯಾವ ಮೊಲದಲ್ಲಿಯೂ ಏರಿಕೆ ಅರ್ಧ ಡಿಗ್ರಿ ಮುಟ್ಟದಿದ್ದರೆ ದ್ರವ ತೇರ್ಗಡೆಯಾದಂತೆ. ಒಂದರಲ್ಲಿಯಾದರೂ ಮುಟ್ಟಿದರೆ ಇನ್ನೂ ಐದು ಮೊಲಗಳ ಮೇಲೆ ಪರೀಕ್ಷೆ ಮುಂದುವರಿಯುತ್ತದೆ. ಒಟ್ಟು ಎಂಟು ಮೊಲಗಳಲ್ಲಿ ಮೂರಕ್ಕಿಂತ ಹೆಚ್ಚಿನವು ಅರ್ಧ ಡಿಗ್ರಿ ಮುಟ್ಟಬಾರದು. ಎಂಟರ ಏರಿಕೆಗಳ ಮೊತ್ತ 3.3 ಡಿಗ್ರಿಯನ್ನು ಮೀರಬಾರದು. ಪರೀಕ್ಷೆಯಲ್ಲಿ ಮೊಲಗಳು ಸಾಯುವುದಿಲ್ಲ. ಕೆಲವು ದಿನಗಳ ಬಿಡುವು ಕೊಟ್ಟು ಅವುಗಳನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಈ ಮರುಬಳಕೆಯೇ ಅವುಗಳ ಬಾಳೆಲ್ಲ ಎಂದರೂ ಸಲ್ಲುತ್ತದೆ.

ತರಗತಿಯಲ್ಲಿ ಅಧ್ಯಾಪಕರು ಒಂದು ಕಲ್ಪಿತ ಲೆಕ್ಕವನ್ನು ಹಲಗೆಯ ಮೇಲೆ ಬರೆಯಬಹುದು. ಮೊದಲ ಮೂರು ಮೊಲಗಳ ಏರಿಕೆ 0.3, 0.4, 0.6 ಡಿಗ್ರಿ. ಒಂದು ಅರ್ಧ ಡಿಗ್ರಿಯನ್ನು ದಾಟಿತು. ಇನ್ನೈದರ ಏರಿಕೆ 0.2, 0.5, 0.4, 0.3, 0.4. ಮೊತ್ತ 3.1, ಅರ್ಧ ಡಿಗ್ರಿ ಮುಟ್ಟಿದವು ಎರಡು. ದ್ರವ ತೇರ್ಗಡೆ! ಈಗ ಕೇಳಬೇಕಾದ ಪ್ರಶ್ನೆ: ಆ ದ್ರವದಲ್ಲಿ ಎಷ್ಟು ಜ್ವರಕಾರಕವಿತ್ತು? ಉತ್ತರವಿಲ್ಲ. ಮೊಲವು ಹೌದು ಅಥವಾ ಇಲ್ಲ ಎನ್ನಬಲ್ಲುದೇ ಹೊರತು ಎಷ್ಟು ಎಂದು ಹೇಳಲಾರದು. ಮೇಲಾಗಿ, ಒಂದು ಮೊಲ ಬೆದರಿದರೂ ಶಾಖ ಏರಬಹುದು. ಜ್ವರ ತಗ್ಗಿಸುವ ಗುಣವುಳ್ಳ ಔಷಧವನ್ನು ಚುಚ್ಚಿದರೆ ಜ್ವರಕಾರಕವಿದ್ದರೂ ಶಾಖ ಏರದಿರಬಹುದು. ಬೇಗನೆ ಕ್ಷೀಣಿಸುವ ವಿಕಿರಣಶೀಲ ಔಷಧಗಳ ಪಾಡು ಇನ್ನೊಂದು ಬಗೆ. ಅಂಗಾಂಗಗಳ ಚಿತ್ರ ತೆಗೆಯಲು ಬಳಸುವ ಟೆಕ್ನೀಷಿಯಮ್ಮಿನ ಅರ್ಧಾಯುಷ್ಯ 6 ಗಂಟೆ. ಮೊಲದ ಮೂರು ಗಂಟೆಗಳ ಪರೀಕ್ಷೆ ಮುಗಿಯುವಷ್ಟರಲ್ಲಿ ಅದರ ಶೇಕಡ 29ರಷ್ಟು ಕಳೆದುಹೋಗಿರುತ್ತದೆ. ಅಂಥ ಔಷಧಗಳಿಗೆ ವೇಗವಾದ ಬೇರೊಂದು ಪರೀಕ್ಷೆ ಬೇಕೇ ಬೇಕಾಗಿತ್ತು. ಪ್ರಾಣಿದಯೆಯಷ್ಟೇ ಅಲ್ಲ, ಈ ಬಗೆಯ ಒತ್ತಾಯವೂ ಬದಲಿಯ ಹುಡುಕಾಟಕ್ಕೆ ಕಾರಣವಾಯಿತು ಎಂಬುದನ್ನು ಮರೆಮಾಚಬೇಕಾಗಿಲ್ಲ.

ದಯೆಯ ಕಡೆಯಿಂದ ಬಂದ ವಿಚಾರವೂ ಅದೇ ಕಾಲದ್ದು. 1959ರಲ್ಲಿ ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಎಂಬಿಬ್ಬರು ವಿಜ್ಞಾನಿಗಳು ತಮ್ಮ ಗ್ರಂಥದಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಿರುವಲ್ಲಿ ಪ್ರಾಣಿಯ ಬದಲು ಬೇರೊಂದು ವಿಧಾನವನ್ನು ತರುವುದು, ಬದಲಿಯಿಲ್ಲದಲ್ಲಿ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ಬಳಸಲೇಬೇಕಾದಲ್ಲಿ ನೋವನ್ನು ಕಡಿಮೆಮಾಡುವುದು. ಗ್ರಂಥ ಪ್ರಕಟವಾದಾಗ ಅದನ್ನು ಗಮನಿಸಿದವರು ಕಡಿಮೆ. ಇಂದು ಅನೇಕ ದೇಶಗಳ ಕಾನೂನಿಗೆ ಅದೇ ಅಡಿಗಲ್ಲು.

ನೀಲಿ ರಕ್ತದ ಜೀವಿ

ಮೊಲಕ್ಕೆ ಬದಲಿ ದೊರೆತದ್ದು ಸಮುದ್ರತೀರದಲ್ಲಿ. ಅದನ್ನು ಹುಡುಕುತ್ತ ಹೋದವರಿಗಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಫ್ರೆಡರಿಕ್ ಬ್ಯಾಂಗ್, ಅಮೆರಿಕದ ವುಡ್ಸ್‌ಹೋಲ್ ಸಮುದ್ರಜೀವಿ ಪ್ರಯೋಗಶಾಲೆಯಲ್ಲಿ ಕುದುರೆಲಾಳದ ಏಡಿ ಎಂಬ ಪ್ರಾಣಿಯನ್ನು ಅಭ್ಯಸಿಸುತ್ತಿದ್ದನು. ಹೆಸರು ಏಡಿಯಾದರೂ ಇದು ಏಡಿಯಲ್ಲ. ಜೇಡ, ಚೇಳುಗಳ ಬಂಧು. ನಾಲ್ಕು ನೂರು ದಶಲಕ್ಷ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಇದರ ಬಳಗದ ಅವಶೇಷಗಳು ದೊರೆತಿವೆ. ಕಬ್ಬಿಣಕ್ಕೆ ಬದಲಾಗಿ ತಾಮ್ರವಿರುವ ವರ್ಣದ್ರವ್ಯ ಇದರ ರಕ್ತದಲ್ಲಿರುವುದರಿಂದ ಗಾಳಿ ಸೋಕಿದಾಗ ಅದು ನೀಲಿಯಾಗಿ ಕಾಣುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ದೇಹವನ್ನು ಹೊಕ್ಕೊಡನೆ ಈ ಪ್ರಾಣಿಯ ರಕ್ತ ಹೆಪ್ಪುಗಟ್ಟುವುದನ್ನು ಕಂಡ ಬ್ಯಾಂಗ್ ಅದನ್ನು 1956ರಲ್ಲಿ ವರದಿಮಾಡಿದನು. ಅನಂತರ ಜ್ಯಾಕ್ ಲೆವಿನ್ ಎಂಬ ತರುಣ ವೈದ್ಯ ಅವನೊಡನೆ ಸೇರಿ, ಹೆಪ್ಪುಗಟ್ಟಿಸುವ ಸಾಮಗ್ರಿ ಇರುವುದು ರಕ್ತಕಣಗಳಲ್ಲಿ, ಅದನ್ನು ಕೆರಳಿಸುವುದು ಎಂಡೋಟಾಕ್ಸಿನ್ ಎಂದು 1960ರ ದಶಕದಲ್ಲಿ ಕಂಡುಕೊಂಡನು. ಸಮುದ್ರದ ಕೆಸರಿನಲ್ಲಿ ಬಾಳುವ ಪ್ರಾಣಿಗೆ ಇದು ಸಹಜವಾದ ರಕ್ಷಣೆ: ಗಾಯದಿಂದ ನುಗ್ಗಿದ ಬ್ಯಾಕ್ಟೀರಿಯಾವನ್ನು ಅಲ್ಲಿಯೇ ಹೆಪ್ಪಿನೊಳಗೆ ಸೆರೆಹಿಡಿಯುವ ಉಪಾಯ.

ಆ ಕಣಗಳನ್ನು ಒಡೆದು ತೆಗೆದ ಸಾರವೇ ಲಿಮ್ಯುಲಸ್ ಸಾರ. ಪರೀಕ್ಷೆ ಸರಳವಾದದ್ದು. ಸಣ್ಣದೊಂದು ಪ್ರನಾಳದಲ್ಲಿ 0.1 ಮಿಲಿಲೀಟರ್ ಔಷಧವನ್ನು ಅಷ್ಟೇ ಸಾರದೊಡನೆ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಿಸದೆ ಇರಿಸಿ, ಒಮ್ಮೆಲೆ ತಲೆಕೆಳಗು ಮಾಡುವುದು. ಗಟ್ಟಿಯಾಗಿ ತಳದಲ್ಲೇ ನಿಂತರೆ ಎಂಡೋಟಾಕ್ಸಿನ್ ಇದೆ. ಹರಿದು ಬಂದರೆ ನಿಗದಿತ ಮಿತಿಗಿಂತ ಕಡಿಮೆ. ಗಡಿಗೆಯ ಮೊಸರು ಹೆಪ್ಪುಗಟ್ಟಿತೇ ಎಂದು ವಾಲಿಸಿ ನೋಡುವ ಗೃಹಿಣಿಯ ಪರೀಕ್ಷೆಗೂ ಇದಕ್ಕೂ ರೂಪದಲ್ಲಿ ಭೇದವಿಲ್ಲ. 1971ರಲ್ಲಿ ಜೇಮ್ಸ್ ಕೂಪರ್, ಲೆವಿನ್ ಮತ್ತು ವ್ಯಾಗ್ನರ್ ಈ ಪರೀಕ್ಷೆಯನ್ನು ಮೊಲದ ಪರೀಕ್ಷೆಯೊಡನೆ ಹೋಲಿಸಿ ನೋಡಿದರು. 1977ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಸಾರವನ್ನು ಮಾನ್ಯಮಾಡಿತು. ಸಿದ್ಧಗೊಂಡ ಔಷಧವನ್ನು ಮೊಲದ ಬದಲು ಇದರಿಂದಲೇ ಪರೀಕ್ಷಿಸಲು ಬೇಕಾದ ವಿವರವಾದ ಮಾರ್ಗದರ್ಶಿ ಹೊರಬಿದ್ದದ್ದು 1987ರಲ್ಲಿ. ಬ್ಯಾಂಗನ ಮೊದಲ ವರದಿಯಿಂದ ಮೂವತ್ತೊಂದು ವರ್ಷ!

ಇಲ್ಲಿಯ ಗಣಿತ ಪ್ರೌಢಶಾಲೆಯ ವಿದ್ಯಾರ್ಥಿಗೆ ನಿಲುಕುವಂಥದು, ಮತ್ತು ಅದರಲ್ಲಿ ಒಂದು ಸ್ವಾರಸ್ಯವಿದೆ. ಎಂಡೋಟಾಕ್ಸಿನ್ನನ್ನು ಒಂದು ಪ್ರಮಾಣಿತ ಮಾದರಿಯೊಡನೆ ಹೋಲಿಸಿ ಏಕಮಾನಗಳಲ್ಲಿ ಅಳೆಯುತ್ತಾರೆ. ಒಂದು ಏಕಮಾನವೆಂದರೆ ಸುಮಾರಾಗಿ 0.1 ನ್ಯಾನೋಗ್ರಾಂ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಗಂಟೆಯೊಂದರಲ್ಲಿ ದೇಹತೂಕದ ಕಿಲೋಗ್ರಾಮಿಗೆ 5 ಏಕಮಾನಗಳನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಐವತ್ತು ಕಿಲೋ ತೂಗುವ ರೋಗಿಗೆ ಇದು 250 ಏಕಮಾನ, ಅಂದರೆ 25 ನ್ಯಾನೋಗ್ರಾಮಿನಷ್ಟು. ಆತನಿಗೆ ಗಂಟೆಯಲ್ಲಿ 500 ಮಿಲಿಲೀಟರ್ ಲವಣಜಲ ಏರಿಸುವುದಾದರೆ ಒಂದು ಮಿಲಿಲೀಟರಿನಲ್ಲಿ ಇರಬಹುದಾದದ್ದು 250 ಭಾಗಿಸು 500, ಅಂದರೆ 0.5 ಏಕಮಾನ. ಈಗ ಮೊಲದ ಲೆಕ್ಕವನ್ನು ನೆನೆಯಬೇಕು. ಕಿಲೋಗ್ರಾಮಿಗೆ 10 ಮಿಲಿಲೀಟರ್ ಚುಚ್ಚಿದಾಗ ಕಿಲೋಗ್ರಾಮಿಗೆ 5 ಏಕಮಾನ ಸೇರಬೇಕಾದರೆ ಮಿಲಿಲೀಟರಿನಲ್ಲಿ ಇರಬೇಕಾದದ್ದು ಅದೇ 0.5. ಪಂಜರದಿಂದ ಮೊಲವನ್ನು ಬಿಡಿಸಿದರೂ ಮೊಲ ಕಲಿಸಿದ ಅಂಕೆ ಪ್ರನಾಳದಲ್ಲಿ ಉಳಿದುಕೊಂಡಿದೆ. ಸಾರದ ಗ್ರಹಣಶಕ್ತಿ 0.125 ಏಕಮಾನವಾಗಿದ್ದರೆ ಪರೀಕ್ಷಕನು ಔಷಧವನ್ನು ನಾಲ್ಕು ಪಟ್ಟು ತೆಳುಮಾಡಿ ಪರೀಕ್ಷಿಸುತ್ತಾನೆ. ಏಕೆ ನಾಲ್ಕು ಪಟ್ಟು ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.

ಬದಲಿಗೂ ಬದಲಿ

ಆದರೆ ಬದಲಿಯೆಂಬುದು ಬೇರೊಂದು ಜೀವಿಯ ಹೆಗಲಿಗೆ ಭಾರವನ್ನು ವರ್ಗಾಯಿಸುವುದಾದರೆ ಅದನ್ನು ಬದಲಿ ಎನ್ನಬಹುದೇ? ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ಪ್ರತಿವರ್ಷ ಲಕ್ಷಗಟ್ಟಲೆ ಕುದುರೆಲಾಳದ ಏಡಿಗಳನ್ನು ಹಿಡಿದು, ರಕ್ತದ ಒಂದು ಭಾಗವನ್ನು ತೆಗೆದು, ಸಮುದ್ರಕ್ಕೆ ಮರಳಿಸಲಾಗುತ್ತದೆ. ಮರಳಿದವೆಲ್ಲವೂ ಬದುಕುವುದಿಲ್ಲ. ಅಲ್ಲಿಯ ಮೀನುಗಾರಿಕಾ ಆಯೋಗ ತನ್ನ ಅಂದಾಜಿನಲ್ಲಿ ಶೇಕಡ 15ರಷ್ಟು ಸಾಯುತ್ತವೆಂದು ಹಿಡಿದಿದೆ. ಸಾವು ಇದಕ್ಕಿಂತ ಹೆಚ್ಚೆಂದು ತೋರಿಸಿದ ಅಧ್ಯಯನಗಳೂ ಇವೆ. ಡೆಲವೇರ್ ಕೊಲ್ಲಿಯ ದಡದಲ್ಲಿ ಈ ಪ್ರಾಣಿಗಳು ಇಡುವ ಮೊಟ್ಟೆಗಳನ್ನೇ ನಂಬಿ ದಕ್ಷಿಣ ಅಮೆರಿಕದಿಂದ ಉತ್ತರಧ್ರುವದ ಕಡೆಗೆ ಹಾರುವ ಕೆಂಪೆದೆಯ ಉಲ್ಲಂಕಿ ಜಾತಿಯ ವಲಸೆಹಕ್ಕಿಗಳಿವೆ. ಒಂದರ ಕೊರತೆ ಇನ್ನೊಂದನ್ನು ಮುಟ್ಟದೆ ಬಿಡುವುದಿಲ್ಲ. ನಮ್ಮ ದೇಶದಲ್ಲಿಯೂ ಒಡಿಶಾದ ಬಾಲೇಶ್ವರದ ಕರಾವಳಿಯಲ್ಲಿ ಮತ್ತು ಬಂಗಾಳದ ಸುಂದರಬನದಲ್ಲಿ ಕುದುರೆಲಾಳದ ಏಡಿಯ ಎರಡು ಜಾತಿಗಳು ವಾಸಿಸುತ್ತವೆ.

ಅವುಗಳಲ್ಲಿ ಒಂದು ಜಾತಿ ಆಗ್ನೇಯ ಏಷ್ಯದಲ್ಲಿಯೂ ಇದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಎಂಬ ಸಂಶೋಧಕ ದಂಪತಿಗಳು ಆ ಜಾತಿಯಿಂದಲೇ ಮುಂದಿನ ಹೆಜ್ಜೆಯನ್ನು ಸಾಧಿಸಿದರು. ಹೆಪ್ಪುಗಟ್ಟುವ ಸರಪಣಿಯ ಮೊದಲ ಕೊಂಡಿ ‘ಸಿ ಅಂಶ’ ಎಂಬ ಕಿಣ್ವ; ಎಂಡೋಟಾಕ್ಸಿನ್ ಮೊದಲು ಎಚ್ಚರಿಸುವುದು ಇದನ್ನೇ. ಇದರ ವಂಶವಾಹಿಯನ್ನು 1990ರ ದಶಕದಲ್ಲಿ ಅವರು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸುವ ಜೀವಕೋಶಗಳಲ್ಲಿಯೇ ಆ ಕಿಣ್ವ ಉತ್ಪತ್ತಿಯಾಗುವಂತೆ ಮಾಡಿದರು. ಇದಕ್ಕೆ ಒಂದು ತೊಟ್ಟು ಏಡಿಯ ರಕ್ತವೂ ಬೇಡ. 2003ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ಹಾಗಿದ್ದೂ ಐರೋಪ್ಯ ಫಾರ್ಮಕೋಪಿಯದಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯ ಜಾರಿಗೆ ಬಂದದ್ದು 2021ರಲ್ಲಿ. ಅಮೆರಿಕದ ಫಾರ್ಮಕೋಪಿಯ ತನ್ನ ಅಧ್ಯಾಯವನ್ನು ಅಂಗೀಕರಿಸಿದ್ದು 2024ರಲ್ಲಿ. ಈ ವಿಳಂಬವನ್ನು ಪೂರ್ತಿಯಾಗಿ ಎಚ್ಚರಿಕೆಯ ಲೆಕ್ಕಕ್ಕೆ ಹಾಕುವುದು ಕಷ್ಟ; ರೂಢಿಯಾದುದನ್ನು ಬಿಡಲೊಲ್ಲದ ಸ್ವಭಾವ ಕಾರ್ಖಾನೆಗಳಲ್ಲಿಯೂ ಇರುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಏಡಿಯ ಸಾರವಾಗಲಿ ಅದರ ಕೃತಕ ಕಿಣ್ವವಾಗಲಿ ಗುರುತಿಸುವುದು ಎಂಡೋಟಾಕ್ಸಿನ್ನನ್ನು ಮಾತ್ರ. ಜ್ವರ ತರುವ ವಸ್ತುಗಳು ಬೇರೆಯೂ ಇವೆ: ಗ್ರಾಮ್ ಧನ ಬ್ಯಾಕ್ಟೀರಿಯಾಗಳ ಮತ್ತು ಶಿಲೀಂಧ್ರಗಳ ಕೆಲವು ಅಂಶಗಳು ಅಂಥವು. ಮೊಲ ಇವುಗಳನ್ನೂ ಒಂದಿಷ್ಟು ಗುರುತಿಸುತ್ತಿತ್ತು. ಆದ್ದರಿಂದ ಮೊಲದ ಪರೀಕ್ಷೆಯನ್ನು ಬಿಟ್ಟರೆ ರೋಗಿಯ ಸುರಕ್ಷತೆಯಲ್ಲಿ ಒಂದು ಕಿಂಡಿ ತೆರೆದಂತಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಪ್ರಾಣಿಯನ್ನು ಉಳಿಸಲು ಹೋಗಿ ರೋಗಿಯನ್ನು ಅಪಾಯಕ್ಕೆ ಒಡ್ಡುವುದು ಯಾರಿಗೂ ಸಮ್ಮತವಾಗದು.

ಈ ಆಕ್ಷೇಪಕ್ಕೆ ಉತ್ತರ ದೊರೆತದ್ದು ಮನುಷ್ಯನ ರಕ್ತದಿಂದಲೇ. ಜ್ವರ ಹೇಗೆ ಬರುತ್ತದೆಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಜ್ವರಕಾರಕವು ತಾನೇ ಮೈಯನ್ನು ಕಾಯಿಸುವುದಿಲ್ಲ. ರಕ್ತದಲ್ಲಿರುವ ಮಾನೊಸೈಟ್ ಎಂಬ ಬಿಳಿಯ ಕಣಗಳು ಅದನ್ನು ಗುರುತಿಸಿ ಇಂಟರ್‌ಲ್ಯೂಕಿನ್ ಎಂಬ ಸಂದೇಶವಸ್ತುಗಳನ್ನು ಹೊರಬಿಡುತ್ತವೆ. ಅವುಗಳ ಪ್ರಭಾವದಿಂದ ಮೆದುಳಿನ ಹೈಪೊಥಲಮಸ್ ಭಾಗದಲ್ಲಿ ದೇಹಶಾಖದ ಮಟ್ಟ ಮೇಲಕ್ಕೆ ಸರಿಯುತ್ತದೆ. ಆಗ ಚಳಿ, ನಡುಕ, ಜ್ವರ. ಹಾಗಾದರೆ ಜ್ವರ ಬರುವ ತನಕ ಕಾಯಬೇಕಾದ್ದೇನಿದೆ? ಮೊದಲ ಸಂದೇಶವನ್ನೇ ಅಳೆದರಾಯಿತು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಥಾಮಸ್ ಹಾರ್ಟುಂಗ್ ಮತ್ತು ಆಲ್‌ಬ್ರೆಕ್ಟ್ ವೆಂಡೆಲ್ 1990ರ ದಶಕದಲ್ಲಿ ಈ ದಾರಿಯನ್ನು ತೋರಿಸಿದರು. ಆರೋಗ್ಯವಂತ ದಾನಿಯ ಸ್ವಲ್ಪ ರಕ್ತದೊಡನೆ ಔಷಧವನ್ನು ಬೆರೆಸಿ ದೇಹಶಾಖದಲ್ಲಿ ಕೆಲವು ಗಂಟೆ ಇರಿಸಿ, ಹುಟ್ಟಿದ ಇಂಟರ್‌ಲ್ಯೂಕಿನ್ನಿನ ಪ್ರಮಾಣವನ್ನು ಅಳೆಯುವುದೇ ಈ ಮಾನೊಸೈಟ್ ಪರೀಕ್ಷೆ. ಎಂಡೋಟಾಕ್ಸಿನ್ ಮಾತ್ರವಲ್ಲದೆ ಇತರ ಜ್ವರಕಾರಕಗಳನ್ನೂ ಇದು ಗುರುತಿಸುತ್ತದೆ. ಮೊಲದ ದೇಹದಿಂದ ಮನುಷ್ಯನ ದೇಹವನ್ನು ಊಹಿಸುವ ತೊಡಕೂ ಇದರಲ್ಲಿಲ್ಲ.

ನಂಬಿಕೆ ಹೇಗೆ ಬರಬೇಕು?

ಹೊಸ ಪರೀಕ್ಷೆಯನ್ನು ಅದು ಅಹಿಂಸಾತ್ಮಕವೆಂಬ ಕಾರಣಕ್ಕಾಗಿಯೇ ಒಪ್ಪಲಾಗದು. ಪರೀಕ್ಷೆಗೂ ಪರೀಕ್ಷೆ ಬೇಕು. ಇಂಥ ಕಾರ್ಯಕ್ಕೆಂದೇ ಇಟಲಿಯ ಇಸ್ಪ್ರಾದಲ್ಲಿ 1991ರಲ್ಲಿ ಐರೋಪ್ಯ ಕೇಂದ್ರವೊಂದು ಸ್ಥಾಪಿತವಾಯಿತು. ಗುರುತು ಮರೆಸಿದ ಮಾದರಿಗಳನ್ನು ಬೇರೆ ಬೇರೆ ಪ್ರಯೋಗಶಾಲೆಗಳಿಗೆ ಕಳುಹಿಸುತ್ತಾರೆ. ಯಾವುದರಲ್ಲಿ ಏನಿದೆಯೆಂದು ಪರೀಕ್ಷಕರಿಗೆ ತಿಳಿಯದು. ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆಯೇ, ಆ ಉತ್ತರ ಸರಿಯೇ ಎಂದು ನೋಡುತ್ತಾರೆ. ಲೆಕ್ಕಕ್ಕಾಗಿ ನೂರು ಮಾದರಿಗಳನ್ನು ಊಹಿಸಿಕೊಳ್ಳೋಣ: ಐವತ್ತು ಕಲುಷಿತ, ಐವತ್ತು ಶುದ್ಧ. ಪರೀಕ್ಷೆಯು ಕಲುಷಿತವಾದವುಗಳಲ್ಲಿ 47ನ್ನು ಹಿಡಿದು, ಶುದ್ಧವಾದವುಗಳಲ್ಲಿ 5ನ್ನು ತಪ್ಪಾಗಿ ಕಲುಷಿತವೆಂದರೆ, ಅದರ ಗ್ರಹಣಶಕ್ತಿ ಶೇಕಡ 94, ನಿರ್ದಿಷ್ಟತೆ ಶೇಕಡ 90. ಎರಡು ಬಗೆಯ ತಪ್ಪುಗಳಲ್ಲಿ ಯಾವುದು ಹೆಚ್ಚು ಘೋರವೆಂದು ವಿದ್ಯಾರ್ಥಿಗಳು ಚರ್ಚಿಸಬಹುದು. ಒಳ್ಳೆಯ ಔಷಧ ಚರಂಡಿಗೆ ಹೋದರೆ ತಯಾರಕನಿಗೆ ನಷ್ಟ. ತಪ್ಪಿಸಿಕೊಂಡ ಆ ಮೂರು ಸೀಸೆಗಳು ಯಾರ ತೋಳಿಗೆ ಸೇರುತ್ತವೆ?

ಮಾನೊಸೈಟ್ ಪರೀಕ್ಷೆಯ ಹಲವು ರೂಪಗಳು ಈ ಬಗೆಯ ಒರೆಗಲ್ಲಿನ ಮೇಲೆ ನಿಂತು 2006ರಲ್ಲಿ ಆ ಕೇಂದ್ರದ ಒಪ್ಪಿಗೆ ಪಡೆದವು. 2010ರಲ್ಲಿ ಐರೋಪ್ಯ ಫಾರ್ಮಕೋಪಿಯವನ್ನು ಸೇರಿದವು. 2024ರ ಜೂನಿನಲ್ಲಿ ಅದರ ಆಯೋಗವು ಮೊಲದ ಪರೀಕ್ಷೆಯನ್ನು ತನ್ನ ಗ್ರಂಥಗಳಿಂದ ತೆಗೆದುಹಾಕುವ ನಿರ್ಣಯವನ್ನು ಅಂಗೀಕರಿಸಿತು. ಭಾರತೀಯ ಫಾರ್ಮಕೋಪಿಯ ಇದಕ್ಕೆ ಮೊದಲೇ, 2018ರ ಆವೃತ್ತಿಯಲ್ಲಿ, ಮೊಲದ ಸ್ಥಾನದಲ್ಲಿ ಪ್ರನಾಳದ ಪರೀಕ್ಷೆಗಳನ್ನು ತಂದಿತ್ತೆಂಬುದು ಅಭಿಮಾನದ ಸಂಗತಿ. ಇತರ ಕ್ಷೇತ್ರಗಳಲ್ಲಿಯೂ ಇಂಥ ಚಲನೆ ಕಾಣುತ್ತದೆ. 1944ರಿಂದ ಮೊಲದ ಕಣ್ಣಿಗೆ ವಸ್ತುಗಳನ್ನು ಹಾಕಿ ಉರಿಯನ್ನು ಅಳೆಯುತ್ತಿದ್ದ ಡ್ರೇಜ್ ಪರೀಕ್ಷೆಗೆ ಬದಲಾಗಿ, ಮನುಷ್ಯನ ಜೀವಕೋಶಗಳಿಂದ ಬೆಳೆಸಿದ ಕಣ್ಪೊರೆಯಂತಹ ಅಂಗಾಂಶವನ್ನು ಬಳಸುವ ವಿಧಾನ 2015ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವುಗಳನ್ನು ಆಮದು ಮಾಡುವುದನ್ನೂ ಭಾರತ ಸರ್ಕಾರ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ವಿಷಯದಲ್ಲಿ ಪ್ರಾಣಿಗಳ ಬದಲು ಜೀವಕೋಶಗಳನ್ನಾಧರಿಸಿದ ವಿಧಾನಗಳಿಗೆ 2023ರ ತಿದ್ದುಪಡಿ ನಿಯಮಗಳು ಎಡೆಮಾಡಿಕೊಟ್ಟವು. ಆದರೂ ಇಡೀ ದೇಹದಲ್ಲಿ ಔಷಧ ಹೇಗೆ ಹರಡುತ್ತದೆ, ಗರ್ಭದಲ್ಲಿನ ಶಿಶುವಿಗೆ ಏನಾಗುತ್ತದೆ ಎಂಬಂತಹ ಪ್ರಶ್ನೆಗಳಿಗೆ ಪ್ರನಾಳ ಇನ್ನೂ ಪೂರ್ಣವಾದ ಉತ್ತರ ಕೊಡಲಾರದು. ಇದನ್ನು ಮುಚ್ಚಿಟ್ಟು ಪಾಠ ಹೇಳುವುದು ಪ್ರಾಮಾಣಿಕವಲ್ಲ.

ತರಗತಿಯಲ್ಲಿ

ಪ್ರಾಣಿಹಿಂಸೆ ತಡೆಯುವ 1960ರ ಅಧಿನಿಯಮದ ಹದಿನೇಳನೆಯ ಕಲಮು ಶಾಲಾಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದೆ. ಪುಸ್ತಕ, ಮಾದರಿ, ಚಲಚ್ಚಿತ್ರ ಮುಂತಾದ ಬೋಧನೋಪಕರಣಗಳು ಸಾಕಾಗುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ವರ್ಜಿಸಬೇಕೆಂಬುದು ಅದರ ಆಶಯ. ಕಾಲೇಜುಗಳಲ್ಲಿ ಅಂಗಛೇದನವನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2011ರಲ್ಲಿ ಸೂಚನೆ ಹೊರಡಿಸುವ ವೇಳೆಗೆ ಆ ಕಲಮಿಗೆ ಐವತ್ತು ವರ್ಷ ತುಂಬಿತ್ತು. ಜ್ವರಕಾರಕಗಳ ಪಾಠವನ್ನಂತೂ ಯಾವ ಪ್ರಾಣಿಯನ್ನೂ ಮುಟ್ಟದೆ, ದುಬಾರಿ ಸಲಕರಣೆಗಳಿಲ್ಲದೆ ನಡೆಸಬಹುದು.

ಮೊದಲನೆಯದಾಗಿ, ವಿದ್ಯಾರ್ಥಿಗಳು ಒಂದು ಉಷ್ಣತಾಮಾಪಕದಿಂದ ತಮ್ಮ ತಮ್ಮ ಕಂಕುಳಿನ ಶಾಖವನ್ನು ಅರ್ಧಗಂಟೆಗೊಮ್ಮೆ ಮೂರು ಬಾರಿ ಅಳೆದು ಪಟ್ಟಿಮಾಡಲಿ. ಮಧ್ಯದಲ್ಲಿ ಕೆಲವರು ಮೈದಾನದಲ್ಲಿ ಓಡಿಬರಲಿ. ಒಂದು ತರಗತಿಯ ಅಂಕೆಗಳು ಎಷ್ಟು ಚೆದರಿವೆಯೆಂಬುದನ್ನು ಕಂಡಾಗ, ಮೂರು ಮೊಲಗಳ ಅರ್ಧ ಡಿಗ್ರಿಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಎರಡನೆಯದು ಶಾಯಿಯ ಪ್ರಯೋಗ. ಒಂದು ಪಾಲು ಶಾಯಿಗೆ ಒಂಬತ್ತು ಪಾಲು ನೀರು, ಅದರ ಒಂದು ಪಾಲಿಗೆ ಮತ್ತೆ ಒಂಬತ್ತು ಪಾಲು, ಹೀಗೆ ಆರೇಳು ಪ್ರನಾಳಗಳವರೆಗೆ ತೆಳುಮಾಡುತ್ತ ಹೋಗಿ, ಬಣ್ಣ ಎಲ್ಲಿ ಮಾಯವಾಯಿತೆಂದು ಪ್ರತಿಯೊಬ್ಬನೂ ಗುಟ್ಟಾಗಿ ಬರೆದಿಡಲಿ. ಎಲ್ಲರ ಉತ್ತರವೂ ಒಂದೇ ಆಗಿರುವುದಿಲ್ಲ.

ಮೂರನೆಯದು ಹೆಪ್ಪಿನ ಪ್ರಯೋಗ. ಇದನ್ನು ಸಂಜೆ ಆರಂಭಿಸಿ ಮರುದಿನ ಬೆಳಿಗ್ಗೆ ನೋಡುವುದು ಅನುಕೂಲ. ಕಾಯಿಸಿ ಉಗುರುಬೆಚ್ಚಗಾಗಿಸಿದ ಹಾಲನ್ನು ನಾಲ್ಕು ಪ್ರನಾಳಗಳಲ್ಲಿ ತುಂಬಬೇಕು. ಮೊದಲನೆಯದಕ್ಕೆ ಏನನ್ನೂ ಹಾಕಬಾರದು. ಎರಡನೆಯದಕ್ಕೆ ಒಂದು ಹನಿ ಮಜ್ಜಿಗೆ, ಮೂರನೆಯದಕ್ಕೆ ಐದು ಹನಿ. ನಾಲ್ಕನೆಯದರ ಹಾಲನ್ನು ಮಾತ್ರ ಮತ್ತೆ ಕುದಿಯುವಷ್ಟು ಬಿಸಿಮಾಡಿ, ಬಿಸಿಯಾಗಿರುವಾಗಲೇ ಐದು ಹನಿ ಹಾಕಬೇಕು. ಮೊಸರು ಹೆಪ್ಪುಗಟ್ಟುವುದು ಬ್ಯಾಕ್ಟೀರಿಯಾಗಳು ಬೆಳೆದು ಹಾಲನ್ನು ಹುಳಿಯಾಗಿಸುವುದರಿಂದ. ಏಡಿಯ ಸಾರದ ಕ್ರಿಯೆ ಬೇರೆ ಎಂಬುದನ್ನು ಅಧ್ಯಾಪಕರು ಮೊದಲೇ ತಿಳಿಸಿರಬೇಕು. ಮರುದಿನ ನಾಲ್ಕನ್ನೂ ತಲೆಕೆಳಗು ಮಾಡಿದಾಗ ಮೊದಲನೆಯದೂ ನಾಲ್ಕನೆಯದೂ ಹರಿದುಬರುತ್ತವೆ. ಮೊದಲನೆಯದರಲ್ಲಿ ಹೆಪ್ಪು ಇರಲೇ ಇಲ್ಲ. ನಾಲ್ಕನೆಯದರಲ್ಲಿ ಇತ್ತು, ಆದರೆ ಅದರ ಕೆ�ಲಸವನ್ನು ಬಿಸಿ ತಡೆಯಿತು. ಹೊರನೋಟಕ್ಕೆ ಎರಡೂ ಒಂದೇ. ಕೆಲವು ಔಷಧಗಳು ಹೀಗೆಯೇ ಏಡಿಯ ಸಾರದ ಕೆಲಸವನ್ನು ತಡೆದು, ಇರುವ ಎಂಡೋಟಾಕ್ಸಿನ್ನನ್ನು ಇಲ್ಲವೆಂದು ತೋರಿಸಬಲ್ಲವು. ಆದುದರಿಂದಲೇ ನಿಜವಾದ ಪರೀಕ್ಷೆಯಲ್ಲಿ ಔಷಧದ ಇನ್ನೊಂದು ಪ್ರನಾಳಕ್ಕೆ ಗೊತ್ತಾದಷ್ಟು ಎಂಡೋಟಾಕ್ಸಿನ್ನನ್ನು ಬೇಕೆಂದೇ ಸೇರಿಸಿ, ಅದು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಅದು ಹೆಪ್ಪುಗಟ್ಟದಿದ್ದರೆ ಉಳಿದ ಪ್ರನಾಳಗಳು ಏನೇ ಹೇಳಲಿ, ಆ ದಿನದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.